ಮೈದನಹಳ್ಳಿ, ದರೋಜಿ, ಗಣೇಶಗುಡಿ: ಫೋಟೋ ಪ್ರವಾಸಕ್ಕೆ ಯಾವ ಬಟ್ಟೆ?

ಕೃಷ್ಣಮೃಗ, ಕರಡಿ, ದಟ್ಟ ಕಾಡಿನ ಹಕ್ಕಿ, ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಲು ಚಳಿಗಾಲದಲ್ಲಿ ಬೆಂಗಳೂರಿನಿಂದ ಹೊರಟೆವು. ಮೊದಲು ಕೃಷ್ಣಮೃಗಕ್ಕೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು, ಆಮೇಲೆ ಹಂಪಿ ಹತ್ತಿರದ ದರೋಜಿ ಕರಡಿಧಾಮ, ಅಲ್ಲಿಂದ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಹಕ್ಕಿಗಳಿಗಾಗಿ ದಾಂಡೇಲಿ ಹತ್ತಿರದ ಗಣೇಶಗುಡಿ. ನೀವೂ ಹೀಗೇ ಹೋಗುವುದಾದರೆ ಬಟ್ಟೆಯ ಬಗ್ಗೆ ಮೊದಲೇ ಯೋಚಿಸಿ. ಸುತ್ತಲಿನ ಬಣ್ಣದಲ್ಲಿ ನಮ್ಮನ್ನು ಮರೆಮಾಡುವ ಬಟ್ಟೆಗೆ ಕ್ಯಾಮೊಫ್ಲಾಜ್ ಎನ್ನುತ್ತಾರೆ. ಮೂರೂ ಕಡೆಗೆ ಒಂದೇ ಕ್ಯಾಮೊಫ್ಲಾಜ್ ನಡೆಯುವುದಿಲ್ಲ.

ಎಲೆ, ತೊಗಟೆಯ ಚಿತ್ರವಿರುವ ಬಟ್ಟೆ ಬಂದಿದ್ದು ಅಮೆರಿಕದ ಬೇಟೆಗಾರರಿಂದ. ಅಂಥ ಬಟ್ಟೆಯ ಅಲ್ಲಿನ ಹೆಸರಾಂತ ಕಂಪನಿಗಳಾದ ಮಾಸ್ಸಿ ಓಕ್, ರಿಯಲ್‌ಟ್ರೀ ಎರಡೂ 1986ರಲ್ಲಿ ಶುರುವಾದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿ ಬೇಟೆ ಅಪರಾಧ. ಈಗ ಆ ಬಟ್ಟೆ ಜಾಸ್ತಿ ಕಾಣುವುದು ಕ್ಯಾಮೆರಾ ಹಿಡಿದವರ ಮೈಮೇಲೆ. ಆದರೆ ಅದರ ಚಿತ್ರ ಅಮೆರಿಕದ ಕಾಡಿಗೆ ಮಾಡಿದ್ದು, ಅಲ್ವಾ?

ಮೈದನಹಳ್ಳಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಜನವರಿ ಹೊತ್ತಿಗೆ ಹುಲ್ಲೆಲ್ಲ ಒಣಗಿ ಹಳದಿಯಾಗಿರುತ್ತದೆ. ದೂರದಿಂದ ನೋಡಿದರೆ ಸಣ್ಣ ಸಣ್ಣ ಎಲೆಗಳ ಚಿತ್ರವೆಲ್ಲ ಕಲೆತು, ಮನುಷ್ಯ ಕಪ್ಪು ಮುದ್ದೆಯಂತೆ ಕಾಣುತ್ತಾನೆ. ಅಲ್ಲಿಗೆ ಚಿತ್ರವಿಲ್ಲದ ತಿಳಿ ಖಾಕಿಯೇ ಸಾಕು. ಜೀನ್ಸ್ ಮಾತ್ರ ಬೇಡ. ಜಿಂಕೆ, ಕೃಷ್ಣಮೃಗದಂಥ ಪ್ರಾಣಿಗಳಿಗೆ ನೀಲಿ ಚೆನ್ನಾಗಿ ಕಾಣುತ್ತದೆ. ಕೇಸರಿ ಮತ್ತು ಹಸಿರಿನ ನಡುವೆ ಅವಕ್ಕೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಅಮೆರಿಕದ ಬೇಟೆಗಾರರು ಕಣ್ಣು ಕುಕ್ಕುವ ಕೇಸರಿ ಜಾಕೆಟ್ ಹಾಕುವುದು ಇದೇ ಧೈರ್ಯದ ಮೇಲೆ. ಜೊತೆಯ ಬೇಟೆಗಾರರಿಗೆ ಕಂಡರೆ ಗುಂಡು ತಗಲುವುದಿಲ್ಲ, ಜಿಂಕೆಗೆ ಅದು ಎದ್ದು ಕಾಣುವುದೂ ಇಲ್ಲ. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯೂ ಬೇಡ. ಅದರಲ್ಲಿನ ರಾಸಾಯನಿಕ ಬಿಸಿಲಿಗೆ ನೀಲಿಯಾಗಿ ಮಿನುಗುತ್ತದೆ. ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿಕೊಳ್ಳಿ. ಬಯಲಲ್ಲಿ ಎದ್ದು ನಡೆದರೆ ಯಾವ ಬಟ್ಟೆಯೂ ಕಾಪಾಡುವುದಿಲ್ಲ.

ದರೋಜಿಯಲ್ಲಿ ಕರಡಿ ನೋಡುವುದು ಮಧ್ಯಾಹ್ನದ ಮೇಲೆ, ವೀಕ್ಷಣಾ ಗೋಪುರದಿಂದ. ಕರಡಿಯ ಕಣ್ಣು ಮಂದ, ಮೂಗು ಬಲು ಚುರುಕು. ಬಟ್ಟೆಗಿಂತ ಸೆಂಟು ಹಾಕದಿರುವುದು ಮುಖ್ಯ. ಬಂಡೆಗಳ ನಡುವೆ ಪೇಂಟೆಡ್ ಸ್ಪರ್‌ಫೌಲ್ ಎಂಬ ಕಾಡುಕೋಳಿಯಂಥ ಹಕ್ಕಿ ಹುಡುಕುವವರಿಗೆ ಬೂದು, ಕಂದು ಬಣ್ಣದ ದೊಡ್ಡ ದೊಡ್ಡ ಪಟ್ಟೆಗಳ ಬಟ್ಟೆ ಒಳ್ಳೆಯದು. ಬಂಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ, ಆಕಾಶಕ್ಕೆ ಎದುರಾಗಿ ಬೇಡ.

ಎಲೆಚಿತ್ರದ ಬಟ್ಟೆ ಉಪಯೋಗಕ್ಕೆ ಬಂದಿದ್ದು ಗಣೇಶಗುಡಿಯಲ್ಲಿ. ಮರದ ನೆರಳು ದಟ್ಟ, ತಿಳಿ ಖಾಕಿ ಅಲ್ಲಿ ಎದ್ದು ಕಾಣುತ್ತದೆ. ಹಕ್ಕಿಗಳಿಗೆ ಕೆಂಪು, ಕೇಸರಿ ಎಲ್ಲವೂ ಕಾಣುವುದರಿಂದ ಕೇಸರಿ ಜಾಕೆಟ್ಟಿನ ಲೆಕ್ಕ ಇಲ್ಲಿ ನಡೆಯದು. ಬ್ಯಾಗಿನ ಮಳೆ ಕವರ್ ಕೂಡ ಕಡು ಹಸಿರಿರಲಿ. ಮುಖ, ಕೈ ಮುಚ್ಚಿಕೊಳ್ಳಿ, ಹಕ್ಕಿ ಮೊದಲು ಬೆದರುವುದು ಲೆನ್ಸ್ ತಿರುಗಿಸುವ ಕೈ ನೋಡಿ. ಮಳೆಗಾಲವಾದರೆ ಜಿಗಣೆ ಸಾಕ್ಸ್ ಬೇಕೇ ಬೇಕು.

ಮೂರು ಜೊತೆ ಬಟ್ಟೆ ಕೊಳ್ಳಬೇಕಿಲ್ಲ. ತಿಳಿ ಖಾಕಿಯ ತುಂಬುತೋಳಿನ ಶರ್ಟು ಒಂದು, ಮೈಮೇಲೂ ಕ್ಯಾಮೆರಾ ಮೇಲೂ ಹೊದೆಯಲು ಎಲೆಚಿತ್ರದ ತೆಳು ಬಲೆ ಒಂದು ಸಾಕು. ಸೇನೆಯ ಸಮವಸ್ತ್ರದಂತೆ ಕಾಣುವ ಬಟ್ಟೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ. ಚೆಕ್‌ಪೋಸ್ಟಿನಲ್ಲಿ ಸುಮ್ನೆ ಅನುಮಾನಕ್ಕೆ ಕಾರಣವಾಗುತ್ತದೆ, ಸೈನಿಕರಿಗೂ ಅದು ಗೌರವವಲ್ಲ.