ಕೆನ್ನೆಯೊಳಗಿನ ಚಿಲ್ಲರೆ

ಅಥೆನ್ಸಿನಲ್ಲಿ ಆಕ್ರೊಪೊಲಿಸ್ ಹತ್ತಿದ್ದು, ಬಿಸಿಲಿಗೆ ಬೆಂದದ್ದು ಎಲ್ಲರೂ ಬರೆಯುವ ಸಂಗತಿ. ನಾನು ಬರೆಯಹೊರಟಿದ್ದು ಪನೆಪಿಸ್ತಿಮಿಯು ರಸ್ತೆಯ ನಾಣ್ಯ ಸಂಗ್ರಹಾಲಯದ ಬಗ್ಗೆ. ಟ್ರಾಯ್ ನಗರವನ್ನು ಅಗೆದ ಹೈನ್ರಿಖ್ ಶ್ಲೀಮನ್ ತನಗಾಗಿ ಕಟ್ಟಿಸಿಕೊಂಡ ಮನೆಯದು. ಚಿತ್ತಾರದ ಚಾವಣಿ, ಮೊಸಾಯಿಕ್ ನೆಲ. ನನ್ನ ಕಣ್ಣಿಗೆ ದರ್ಬಾರು ಕೊಂಚ ಅತಿಯೇ.

ಮೊದಲು ಗುಂಪಿನೊಂದಿಗೆ ಹೋದಾಗ ಮಾರ್ಗದರ್ಶಿ ಎಲ್ಲರನ್ನೂ ಗೂಬೆಯ ದೊಡ್ಡ ನಾಣ್ಯದ ಮುಂದೆ ನಿಲ್ಲಿಸಿ, ಬಸ್ಸು ಕಾಯುತ್ತಿದೆಯೆಂದು ಹೊರಗಟ್ಟಿದ. ಆ ಸಿಟ್ಟು ಇನ್ನೂ ಆರಿಲ್ಲ. ದಯವಿಟ್ಟು ಇದನ್ನು ಪ್ಯಾಕೇಜಿನಲ್ಲಿ ನೋಡಬೇಡಿ. ಸಿಂತಗ್ಮಾ ಮೆಟ್ರೊ ನಿಲ್ದಾಣದಲ್ಲಿಳಿದು ನಡೆದೇ ಹೋಗಿ, ಜೇಬಿನಲ್ಲೊಂದು ಭೂತಗನ್ನಡಿ ಇರಲಿ. ಮರುದಿನ ನಾನು ಹಾಗೆಯೇ ಹೋದೆ.

ಹದಿನೇಳು ಗ್ರಾಮಿನ ಆ ಗೂಬೆಗೆ ಎಲ್ಲರೂ ಮರುಳಾಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬೊಲ್ ಎಂಬ ಹಳೇ ಅಥೆನ್ಸಿನ ಪುಟ್ಟ ಬೆಳ್ಳಿ ನಾಣ್ಯ ಮತ್ತು ಅದರ ಮರಿಗಳು. ಆರು ಒಬೊಲ್ ಸೇರಿದರೆ ಒಂದು ಡ್ರಾಕ್ಮಾ. ಎರೆಕ್ಥಿಯಂ ಗುಡಿ ಕಟ್ಟಿದವರ ದಿನಗೂಲಿ ಅಷ್ಟೇ. ಒಬೊಲ್ ಒಂದರ ತೂಕ ಮುಕ್ಕಾಲು ಗ್ರಾಮಿಗೂ ಕಡಿಮೆ. ಅದರಲ್ಲೂ ಅರ್ಧ, ಕಾಲು ಎಂದು ಟಂಕಿಸಿದ್ದಾರೆ. ಕಾಲು ಒಬೊಲ್ ತೊಗರಿಬೇಳೆಯಷ್ಟಗಲ. ಅರ್ಧ ಒಬೊಲ್‌ನ ಮೇಲೂ ಗೂಬೆ ಎರಡು ಕಣ್ಣರಳಿಸಿ ಕುಳಿತಿದೆ. ಅಚ್ಚು ಪಕ್ಕಕ್ಕೆ ಜಾರಿ ಆಲಿವ್ ಎಲೆ ಅಂಚಿನಾಚೆ ಹೋಗಿಬಿಟ್ಟಿದೆ.

ಕಾವಲಿಗಿದ್ದ ಹಿರಿಯ ಮಹಿಳೆಯನ್ನು ಕೇಳಿದೆ: "ಇದನ್ನು ಕಳೆದುಕೊಳ್ಳದೆ ಎಲ್ಲಿಟ್ಟುಕೊಳ್ಳುತ್ತಿದ್ದರು?"

ಅವರು ಒಂದು ಕೆನ್ನೆಯನ್ನು ಉಬ್ಬಿಸಿ ಬೆರಳಿನಿಂದ ತಟ್ಟಿ ತೋರಿಸಿದರು. "ಇಲ್ಲಿ. ಸಂತೆಗೆ ಹೋಗುವವರು ಚಿಲ್ಲರೆಯನ್ನು ಬಾಯಲ್ಲೇ ಹಾಕಿಕೊಳ್ಳುತ್ತಿದ್ದರು."

ತಮಾಷೆಯೆಂದುಕೊಂಡೆ. ಅವರು ಬಿಡಲಿಲ್ಲ. ಕ್ರಿ.ಪೂ. 422ರಲ್ಲಿ ಆಡಿದ ಅರಿಸ್ಟೊಫೇನೀಸನ 'ಕಣಜಗಳು' ನಾಟಕದಲ್ಲಿ ನ್ಯಾಯಾಲಯದ ಪಂಚಾಯ್ತಿಗೆ ಕೂರುವ ಮುದುಕನಿದ್ದಾನೆ, ದಿನಭತ್ಯೆ ಮೂರು ಒಬೊಲ್. ಮನೆಗೆ ಬಂದರೆ ಮಗಳು "ಅಪ್ಪಾ" ಎಂದು ಮುದ್ದುಗರೆಯುತ್ತ ಅವನ ಬಾಯೊಳಗಿನ ಹಣವನ್ನು ನಾಲಿಗೆಯಿಂದಲೇ ಲಪಟಾಯಿಸುತ್ತಾಳೆ!

"ಇನ್ನೊಂದು ಕೇಳಿ" ಎಂದರು. ಒಮ್ಮೆ ಅವನಿಗೂ ಜೊತೆಗಾರನಿಗೂ ಸೇರಿ ಒಂದೇ ಡ್ರಾಕ್ಮಾ ಸಿಕ್ಕಿತಂತೆ. ಜೊತೆಗಾರ ಮೀನಿನ ಅಂಗಡಿಯಲ್ಲಿ ಚಿಲ್ಲರೆ ಮಾಡಿಸಿ, ಮುದುಕನ ಅಂಗೈಗೆ ಮೂರು ಮೀನಿನ ಹುರುಪೆ ಹಾಕಿದ. ಒಬೊಲ್ ಎಂದೇ ಬಾಯಿಗೆಸೆದುಕೊಂಡವನು ನಾತಕ್ಕೆ ಹೇಸಿ ಉಗುಳಿದ.

ಗಾಜಿನೊಳಗೆ ಮತ್ತೆ ಬಗ್ಗಿ ನೋಡಿದೆ. ತೆಳ್ಳಗೆ, ಓರೆಕೋರೆಯಾಗಿ ಮಿನುಗುತ್ತಿದ್ದವು, ಮುದುಕನದು ತಪ್ಪೆನಿಸಲಿಲ್ಲ.

"ಆಮೇಲೆ ದುಡ್ಡು ಸಿಕ್ಕಿತೇ?"

"ಎಲ್ಲಿಂದ! ಕೊರಳುಪಟ್ಟಿ ಹಿಡಿದರೆ, ನಿನ್ನದು ಹುಂಜದ ಹೊಟ್ಟೆ, ಬೆಳ್ಳಿಯನ್ನೂ ಅರಗಿಸಿಕೊಂಡುಬಿಡುತ್ತೀಯ ಎಂದು ಅವನನ್ನೇ ಗೇಲಿ ಮಾಡಿದ."