ಮೀಟರ್ ಸರಿ, ಎಲೆ ಹಳದಿ

ಧಾರವಾಡದ ಹೊರಗೊಂದು ಪಾಲಿಹೌಸ್‌ನಲ್ಲಿ ಲೆಟ್ಯೂಸ್ ಗಿಡಗಳ ಗೊಬ್ಬರದ ನೀರು ನೋಡಿಕೊಳ್ಳುವುದು ನನ್ನ ಕೆಲಸ. ಮಣ್ಣಿಲ್ಲದ ಬೇಸಾಯ. ಹೊಸ ಹುಡುಗರು ಬಂದ ಕೂಡಲೇ ಕೇಳುವುದು, "ಇ.ಸಿ. ಎಷ್ಟಿರಬೇಕ್ರೀ ಸರ?" ಇ.ಸಿ. ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವ ಅಳತೆ (ಮಿಲಿಸೀಮೆನ್ಸ್/ಸೆಂ.ಮೀ.); ಪಿಎಚ್ ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವುದು. ಇ.ಸಿ. 1.2ರಿಂದ 1.8, ಪಿಎಚ್ 5.5ರಿಂದ 6.5 ಅಂದರೆ ಬರೆದುಕೊಂಡು, ಕೆಲಸ ಕಲಿತಾಯಿತು ಅನ್ನುವಂತೆ ನೋಡುತ್ತಾರೆ.

ಇ.ಸಿ. ಮೀಟರ್ ನೀರಿನಲ್ಲಿ ಒಟ್ಟು ಉಪ್ಪು ಎಷ್ಟಿದೆ ಅನ್ನುವ ಅಂದಾಜು ಕೊಡುತ್ತದೆ, ಯಾವ ಉಪ್ಪು ಅನ್ನುವುದನ್ನಲ್ಲ. ಬೋರ್ ನೀರು ಗಡಸು. ಏನೂ ಬೆರೆಸುವ ಮುಂಚೆಯೇ ಅದು 0.8 ಇದ್ದರೆ, 1.6ಕ್ಕೆ ತಂದ ಟ್ಯಾಂಕಿನಲ್ಲಿ ನಮ್ಮ ಗೊಬ್ಬರದ ಪಾಲು ಅರ್ಧವೇ. ಗಿಡ ನೈಟ್ರೇಟ್, ಪೊಟ್ಯಾಶ್ ಹೀರಿಕೊಂಡು ಸೋಡಿಯಂ ಹೆಚ್ಚುಕಮ್ಮಿ ಹಾಗೇ ಬಿಡುತ್ತದೆ. ಮತ್ತೆ ಅದೇ ಬೋರ್ ನೀರು ತುಂಬಿ 1.6ಕ್ಕೆ ತಂದರೆ ಬೇಡದ ಉಪ್ಪು ಏರುತ್ತದೆ, ಬೇಕಾದ್ದು ಇಳಿಯುತ್ತದೆ. ಮೀಟರ್‌ನಲ್ಲಿ ಮಾತ್ರ ಅದೇ ಅಂಕಿ. ಹೀಗಾಗಿ ಮಳೆ ನೀರನ್ನೋ ಆರ್‌ಓ ನೀರನ್ನೋ ಬೆರೆಸಬೇಕು, ಆಗಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ದುಡ್ಡು ಕೊಟ್ಟು ತಂದ ಗೊಬ್ಬರ ಚರಂಡಿಗೆ ಹೋಗುವುದನ್ನು ಯಾವ ಮಾಲೀಕರೂ ಸುಮ್ಮನೆ ನೋಡುವುದಿಲ್ಲ. ಅವರನ್ನು ಒಪ್ಪಿಸುವುದೂ ಈ ಕೆಲಸದ ಭಾಗವೇ.

ಗಡಸು ನೀರಿನ ಇನ್ನೊಂದು ಕಾಟ ಬೈಕಾರ್ಬೊನೇಟ್. ಪಿಎಚ್ ಇಳಿಸಿಟ್ಟರೂ ಮತ್ತೆ ಮೇಲೆದ್ದು ಬರುತ್ತದೆ. ಒಂದು ಬೆಳಿಗ್ಗೆ ಹುಡುಗನೊಬ್ಬ ಚಿಗುರೆಲೆ ಹಿಡಿದು ತಂದ: ನರಗಳು ಹಸಿರು, ನಡುವೆಲ್ಲ ಹಳದಿ. "ಸರ, ಕಬ್ಬಿಣ ಕಡಿಮಿ ಆಗೈತ್ರೀ. ಇನ್ನೊಂದಿಷ್ಟು ಹಾಕೂಣೇನ್ರೀ?" ರೋಗ ಸರಿಯಾಗಿಯೇ ಹಿಡಿದಿದ್ದ. ಆದರೆ ಪಿಎಚ್ 7 ದಾಟಿತ್ತು. ನಾವು ಹಾಕುವ ಕಬ್ಬಿಣವನ್ನು ನೀರಲ್ಲಿ ಕರಗಿದಂತೆ ಹಿಡಿದಿಡುವುದು ಇಡಿಟಿಎ ಅನ್ನುವ ರಾಸಾಯನಿಕ; ಪಿಎಚ್ 6.5ರ ಮೇಲೆ ಆ ಹಿಡಿತ ತಪ್ಪುತ್ತದೆ, ಟ್ಯಾಂಕಿಗೆ ಸುರಿದಿದ್ದರೂ ಬೇರಿಗೆ ದಕ್ಕುವುದಿಲ್ಲ. ಅಲ್ಲಿ ಬೇಕಿದ್ದದ್ದು ಪಿಎಚ್ ಇಳಿಸುವ ಫಾಸ್ಫರಿಕ್ ಆಮ್ಲ. (ಆಮ್ಲವನ್ನು ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರನ್ನಲ್ಲ. ಇದನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇನೆ.)

ನಮ್ಮ ನೋಟ್‌ಬುಕ್ಕಿನಲ್ಲಿ ಇ.ಸಿ., ಪಿಎಚ್ ಪಕ್ಕ ನೀರಿನ ಮಟ್ಟಕ್ಕೂ ಒಂದು ಕಾಲಂ ಇದೆ. ಏಪ್ರಿಲ್ ಬಿಸಿಲಲ್ಲಿ ಮಟ್ಟ ಇಳಿದು ಇ.ಸಿ. ಏರಿದರೆ ಗಿಡ ಉಣ್ಣುವುದಕ್ಕಿಂತ ಹೆಚ್ಚು ಕುಡಿಯುತ್ತಿದೆ ಅಂತ; ಬರೀ ನೀರು ಸಾಕು. ಎರಡೂ ಇಳಿದರೆ ಗೊಬ್ಬರವೂ ಬೇಕು. ಮಟ್ಟ ಬರೆಯದೆ ಇ.ಸಿ. ಒಂದನ್ನೇ ಬರೆಯುವವರ ಪುಸ್ತಕ ನೋಡಿ ನಾನೇನೂ ಸಲಹೆ ಕೊಡುವುದಿಲ್ಲ.

ಮೊನ್ನೆ ಹಾವೇರಿಯ ಪರಿಚಯದವರು ಫೋನ್ ಮಾಡಿ, "ನಿಮ್ದು 800 ಪಿಪಿಎಂ ಅಂತೀರಿ, ನಮ್ದು 1120 ಐತಿ, ಭಾಳ ಆತೇನ್ರೀ?" ಅಂದರು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ನೀರಿನಲ್ಲಿ ಎಷ್ಟು ಪಾಲು ಉಪ್ಪು ಅನ್ನುವ ಲೆಕ್ಕ; ಮೀಟರ್ ಅದನ್ನು ಇ.ಸಿ.ಯಿಂದಲೇ ಅಂದಾಜು ಮಾಡುತ್ತದೆ. ಅವರ ಮೀಟರ್ ಇ.ಸಿ.ಯನ್ನು 700ರಿಂದ ಗುಣಿಸುತ್ತದೆ, ನಮ್ಮದು 500ರಿಂದ. ಎರಡೂ ಕಡೆ ಇರುವ ಇ.ಸಿ. 1.6. ಇನ್ನು ಮುಂದೆ ಇ.ಸಿ.ಯಲ್ಲೇ ಮಾತಾಡೋಣ್ರೀ ಅಂದೆ.