ಐದು ಸಾವಿರದ ಸಾಲ, ಸೋಮವಾರದ ಒಪ್ಪತ್ತು

ದಿಲ್ಲಿಯ ಮೋತಿಲಾಲ್ ನೆಹರೂ ಪ್ಲೇಸಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಸ್ಮಾರಕವಿದೆ. ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ಒಂದು ಕಾರಿನ ಮುಂದೆ. 1964ರ ಫಿಯೆಟ್, ಡಿಎಲ್‌ಇ 6. ಮೂವತ್ತೊಂದು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತವನಿಗೆ ಕಾರಿನ ಬಣ್ಣ ಕಾಣುವುದಿಲ್ಲ, ಕಂತು ಕಾಣುತ್ತದೆ.

ಕಾರಿನ ಬೆಲೆ 12,000 ರೂಪಾಯಿ. ಖಾತೆಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ದೇಶದ ಪ್ರಧಾನಿ ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಅರ್ಜಿ ಹಾಕಿದರು. ಸರ್ಕಾರಿ ಕಾರನ್ನು ಮನೆಯವರು ದಿನವೂ ಬಳಸುವುದು ಅವರಿಗೆ ಆಗದು. ಮಕ್ಕಳು ಶಾಲೆಗೆ ಟಾಂಗಾದಲ್ಲಿ ಹೋಗುತ್ತಿದ್ದರು. ಕೊನೆಗೆ ಮನೆಯವರ ಒತ್ತಾಯಕ್ಕೆ ತೆಗೆದುಕೊಂಡ ಕಾರು ಅದು. ಕಂತು ಮುಗಿಯುವ ಮೊದಲೇ, 1966ರ ಜನವರಿ 11ರಂದು, ಸಾಲಗಾರರು ತಾಷ್ಕೆಂಟಿನಲ್ಲಿ ತೀರಿಕೊಂಡರು.

ಇಂಥ ಕಡತಗಳನ್ನು ಬಹಳ ನೋಡಿದ್ದೇನೆ. ಮನೆಯವರು ಬಂದು ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲಿಡುತ್ತಾರೆ, ಬಡ್ಡಿಯನ್ನಾದರೂ ಬಿಡಿ ಎನ್ನುತ್ತಾರೆ. ಅದು ತಪ್ಪೆಂದು ನನಗೆ ಎಂದೂ ಅನಿಸಿಲ್ಲ. ಲಲಿತಾದೇವಿಯವರು ತಮಗೆ ಬಂದ ಪಿಂಚಣಿಯಲ್ಲಿ ಸಾಲ ತೀರಿಸಿದರು. ಸರಳತೆಯ ಹೆಸರು ಗಂಡನಿಗೆ, ಕಂತು ಹೆಂಡತಿಗೆ ಎಂದು ಗೊಣಗಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ನಕ್ಕಳು, ಏಕೆಂದು ಹೇಳಲಿಲ್ಲ.

ಅಜ್ಜಿ ನೆನಪಾದಳು. ನಮ್ಮದು ಕೃಷ್ಣೆಯ ದಂಡೆಯ ಊರು. ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. 1964ರ ಮೇ 22ರಂದು ಅಣೆಕಟ್ಟಿಗೆ ಅಡಿಗಲ್ಲು ಹಾಕಲು ಶಾಸ್ತ್ರಿಯವರು ಬಂದಾಗ ಅಜ್ಜಿ ಚಕ್ಕಡಿ ಹೂಡಿಸಿಕೊಂಡು ಹೋಗಿದ್ದಳು. "ಇಷ್ಟು ಸಣ್ಣ ಮನುಷ್ಯ! ಥೇಟ್ ನಮ್ಮ ಕನ್ನಡ ಶಾಲೆಯ ಮಾಸ್ತರ" ಎಂದಿದ್ದಳಂತೆ. ಐದೇ ದಿನಕ್ಕೆ ನೆಹರೂ ತೀರಿಕೊಂಡರು. ಜೂನ್ 9ಕ್ಕೆ ಆ ಮಾಸ್ತರನೇ ಪ್ರಧಾನಿ.

ಮರುವರ್ಷ ಧಾನ್ಯದ ಕೊರತೆ, ಮೇಲೆ ಯುದ್ಧ. ಮೊದಲು ತಮ್ಮ ಮನೆಯಲ್ಲೇ ಒಂದು ಸಂಜೆ ಒಲೆ ಹಚ್ಚಿಸದೆ ನೋಡಿ, ಮಕ್ಕಳು ತಡೆದುಕೊಂಡರು ಎಂದಾದ ಮೇಲೆ, ಸೋಮವಾರ ರಾತ್ರಿಯ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ. ಅಜ್ಜಿಯದಂತೂ ಅಂದು ಮೊದಲಿನಿಂದಲೂ ಶಿವನ ಹೆಸರಿನ ಒಪ್ಪತ್ತು. ಶಾಸ್ತ್ರಿಯವರಿಗೆಂದು ಬಿಡಲು ಅವಳಲ್ಲಿ ಇನ್ನೊಂದು ಹೊತ್ತೇ ಇರಲಿಲ್ಲ! ಹಾಗಾಗಿ ಅಜ್ಜನದನ್ನು ಬಿಡಿಸಿದಳು, ಮಕ್ಕಳದನ್ನೂ ಬಿಡಿಸಿದಳು. ಚಿಕ್ಕಪ್ಪ ಕತ್ತಲಲ್ಲಿ ಬುಟ್ಟಿಗೆ ಕೈಹಾಕಿ ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಕಚ್ಚಿದರೆ, ಆ ಕಟಕಟ ಸದ್ದಿಗೇ ಸಿಕ್ಕಿಬೀಳುತ್ತಿದ್ದನಂತೆ.

ನೀರು ಏರಿ ಮನೆ ಮುಳುಗಡೆಯಾಯಿತು. ನಾವು ಪುನರ್ವಸತಿ ಕೇಂದ್ರದ ಪತ್ರಾಸಿನ ಮನೆಗೆ ಬಂದೆವು. ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಎಂದು ಹೆಸರು. ಅಜ್ಜಿಯ ಸೋಮವಾರ ಮಾತ್ರ ಹಾಗೆಯೇ ನಡೆದಿತ್ತು. ಶಾಸ್ತ್ರಿಯವರಿಗೆ ಸ್ವಂತ ಮನೆಯೂ ಇರಲಿಲ್ಲವಂತೆ ಎಂದು ಒಮ್ಮೆ ಹೇಳಿದೆ.

"ಅದಕ್ಕೇ ನಮ್ಮದರಲ್ಲಿ ಬಂದು ಕುಳಿತಿದ್ದಾನೆ" ಎಂದಳು.

ಕಾರಿನ ಸಾಲದ ಕತೆಯನ್ನೂ ಹೇಳಿದೆ. ಹುಣಸೆ ಬೀಜ ಬಿಡಿಸುತ್ತಾ ಕೇಳಿಸಿಕೊಂಡಳು.

"ಅಷ್ಟೂ ಕಂತು ಕಟ್ಟಿದಳೇ?"

"ಅಷ್ಟೂ."

"ಪುಣ್ಯಾತ್ಗಿತ್ತಿ. ನಮ್ಮ ಪರಿಹಾರದ ಎರಡನೇ ಕಂತು ಎಲ್ಲಿಗೆ ಬಂತು, ನಾಳೆ ಆ ಆಫೀಸಿನಲ್ಲಿ ಕೇಳಿಕೊಂಡು ಬಾ."